ಒಮ್ಮೆ ಓಡುವ, ಒಮ್ಮೆ ತೆವಳುವ ಡೇಟಾಬೇಸನ್ನು ಹಾಗೆಯೇ ಕಾಪಾಡುವ ವಿಧಾನ

ಬೆಳಿಗ್ಗೆ 20 ಮಿಲಿಸೆಕೆಂಡಿನಲ್ಲಿ ಮುಗಿದ ಕ್ವೆರಿಯೇ ಮಧ್ಯಾಹ್ನ 20 ಸೆಕೆಂಡು ತಿನ್ನುತ್ತಿದೆ ಎಂಬ ದೂರು ಬಂದರೆ ಗಾಬರಿಯಾಗಬೇಡಿ. ಅದನ್ನು ನೀವೇ ಒಮ್ಮೆ ಓಡಿಸಿ. ನಿಧಾನವಾಯಿತೆ? ಮತ್ತೊಮ್ಮೆ ಓಡಿಸಿ. ಮೊದಲ ಸಲ ಡಿಸ್ಕಿನಿಂದ ಎದ್ದು ಬಂದ ಪುಟಗಳು ಈಗ ಮೆಮೊರಿಯಲ್ಲೇ ಕೂತಿರುತ್ತವೆ, ಉತ್ತರ ಥಟ್ಟನೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆಯಬೇಕಾದದ್ದು ಈ ಎರಡನೆಯದನ್ನು. "ನನ್ನ ಕಡೆ ಸರಿಯಾಗೇ ಬರ್ತಿದೆ, ನೆಟ್‌ವರ್ಕ್ ಟೀಮ್‌ನವರನ್ನ ಕೇಳಿ" ಎಂದು ಬರೆದು ಟಿಕೆಟ್ ಕ್ಲೋಸ್ ಮಾಡಿ.

ಪೋಸ್ಟ್‌ಗ್ರೆಸ್ ಇಟ್ಟುಕೊಂಡವರು ಪುಣ್ಯವಂತರು, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ನಿಧಾನದ ಕ್ವೆರಿಗಳನ್ನು ಲಾಗಿಗೆ ಬರೆಯುವ ಸೆಟ್ಟಿಂಗ್ ಹುಟ್ಟಿನಿಂದಲೇ ಆಫ್ ಆಗಿರುತ್ತದೆ, ಮುಟ್ಟಬೇಡಿ. ಶೇರ್ಡ್ ಬಫರ್ಸ್ ಸಾಮಾನ್ಯವಾಗಿ 128 ಎಂಬಿ ಇರುತ್ತದೆ. ಸರ್ವರಿನಲ್ಲಿ 256 ಜಿಬಿ ರ‍್ಯಾಮ್ ಇದ್ದರೂ ಅಷ್ಟೇ ಇರಲಿ. ಯಾವ ಕ್ವೆರಿ ಎಷ್ಟು ಹೊತ್ತು ತಿಂದಿತೆಂದು ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಹಾಕೋಣವೇ ಎಂದು ಯಾರಾದರೂ ಕೇಳಿದರೆ, ಅದಕ್ಕೆ ರೀಸ್ಟಾರ್ಟ್ ಬೇಕು, ಆಗುವುದಿಲ್ಲ ಎನ್ನಿ. (ಬೇರೆ ಕಾರಣಕ್ಕೆ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುತ್ತೀರಿ, ಆ ಮಾತು ಬೇರೆ.)

ವರದಿಯಲ್ಲಿ ಸರಾಸರಿಯನ್ನೇ ಕೊಡಿ. ಸಾವಿರ ಓದುಗಳಲ್ಲಿ 990 ಕ್ಕೆ 20 ಮಿಲಿಸೆಕೆಂಡು, ಉಳಿದ ಹತ್ತಕ್ಕೆ ತಲಾ 20 ಸೆಕೆಂಡು ಹಿಡಿದರೂ ಸರಾಸರಿ ಸುಮಾರು 220 ಮಿಲಿಸೆಕೆಂಡು. ಮೀಟಿಂಗಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆ ಹತ್ತು ಜನ ಮೀಟಿಂಗಿಗೆ ಬರುವವರಲ್ಲ.

ಈಗ ಕಸದ ವಿಚಾರ. ಇದನ್ನು ಮನಸ್ಸಿಟ್ಟು ಕಲಿಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಹಳೆಯ ಸಾಲು ಸತ್ತು ಅಲ್ಲೇ ಬಿದ್ದಿರುತ್ತದೆ, ಗುಡಿಸುವುದು ಆಟೋವ್ಯಾಕ್ಯೂಮ್. ಮೂಲ ಸೆಟ್ಟಿಂಗಿನಲ್ಲಿ ಟೇಬಲ್ಲಿನ ಶೇ. 20 ರಷ್ಟು ಸಾಲು, ಅದರ ಮೇಲೆ ಇನ್ನೊಂದು 50, ಸತ್ತ ಮೇಲಷ್ಟೇ ಅದು ಪೊರಕೆ ಹಿಡಿಯುತ್ತದೆ. ಹತ್ತು ಕೋಟಿ ಸಾಲಿನ ಟೇಬಲ್ಲಾದರೆ ಎರಡು ಕೋಟಿ ಹೆಣ. ಆ ಐವತ್ತು, ಮದುವೆ ಮುಯ್ಯಿಯ ಮೇಲಿನ ಒಂದು ರೂಪಾಯಿ. ಇಷ್ಟೂ ಸಾಲದೆನಿಸಿದರೆ ಟರ್ಮಿನಲ್ ತೆರೆಯಿರಿ, ಬಿಗಿನ್ ಎಂದು ಹೊಡೆಯಿರಿ, ಒಂದೇ ಒಂದು ಸಾಲು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ ಊಟಕ್ಕೆ ಏಳಿ. ನಿಮ್ಮ ಆ ಟ್ರಾನ್ಸಾಕ್ಷನ್ ಮುಗಿಯುವ ತನಕ, ಆಮೇಲೆ ಸತ್ತ ಯಾವ ಸಾಲನ್ನೂ ಆಟೋವ್ಯಾಕ್ಯೂಮ್ ಎತ್ತುವಂತಿಲ್ಲ. ಮಜ್ಜಿಗೆ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಸಾವಕಾಶವಾಗಿ ಬನ್ನಿ. ಶುಕ್ರವಾರವಾದರೆ ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಊರಿಗೆ ಹೋಗಿ.

ಪರೀಕ್ಷೆಯನ್ನು ಚುಟುಕಾಗಿ ಮುಗಿಸಿ. ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಪೋಸ್ಟ್‌ಗ್ರೆಸ್ ಮೊದಲ ಐದು ಸಲ ಕೊಟ್ಟ ಬೆಲೆ ನೋಡಿ ಪ್ಲಾನ್ ಹಾಕುತ್ತದೆ. ಆರನೆಯದರಿಂದ ಎಲ್ಲರಿಗೂ ಒಂದೇ ಪ್ಲಾನ್ ಬೀಳಬಹುದು. ಆದ್ದರಿಂದ ಹನ್ನೆರಡೇ ಆರ್ಡರ್ ಇರುವ ಗ್ರಾಹಕನನ್ನು ಹಿಡಿದು ಐದು ಸಲ ಓಡಿಸಿ, ಪಾಸ್ ಎಂದು ಬರೆದು ಎದ್ದುಬಿಡಿ. ಅಮೆಜಾನ್ ಕ್ಲೌಡಿನಲ್ಲಿ ಜಿಪಿ2 ಡಿಸ್ಕ್ 100 ಜಿಬಿ ತೆಗೆದುಕೊಂಡಿದ್ದರೆ ನಿಮ್ಮ ಪಾಲು ಸೆಕೆಂಡಿಗೆ 300 ಐಒ, ಆದರೆ ಕೂಡಿಟ್ಟ ಕ್ರೆಡಿಟ್ ಕರಗುವವರೆಗೆ 3000 ದ ವೇಗ ಸಿಗುತ್ತದೆ. ಆ ದೌಲತ್ತು ಸುಮಾರು ಅರ್ಧ ಗಂಟೆಯದು. ಲೋಡ್ ಟೆಸ್ಟನ್ನು ಇಪ್ಪತ್ತು ನಿಮಿಷ ದಾಟಿಸಬೇಡಿ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎಕ್ಸ್‌ಪ್ಲೇನ್ ಅನಲೈಸ್ ಬಫರ್ಸ್ ಓಡಿಸಿ, ಎಷ್ಟು ಪುಟ ಮೆಮೊರಿಯಿಂದ, ಎಷ್ಟು ಹೊರಗಿನಿಂದ ಬಂತೆಂದು ಅಂಕಿ ಸಮೇತ ತೋರಿಸಲು ಬಂದೇ ಬರುತ್ತಾಳೆ. "ತುಂಬಾ ಚೆನ್ನಾಗಿದೆಯಮ್ಮಾ, ಒಂದು ಪಿಪಿಟಿ ಮಾಡಿಬಿಡು" ಎನ್ನಿ. ಸ್ಲೈಡಿನ ಬಣ್ಣ ಎರಡು ಸಲ ಬದಲಿಸಲು ಹೇಳುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

ಏನಾದರೂ ಮಾಡಲೇಬೇಕಾಗಿ ಬಂದರೆ ಎಲ್ಲವನ್ನೂ ಒಂದೇ ರಾತ್ರಿ ಮಾಡಿ: ನಾಲ್ಕು ಹೊಸ ಇಂಡೆಕ್ಸ್, ಡ್ರೈವರ್ ಅಪ್‌ಗ್ರೇಡ್, ಒಂದಷ್ಟು ಸೆಟ್ಟಿಂಗ್. ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯಬಾರದು. ಕೊನೆಗೆ ಬೆಳಗಿನ ಎಂಟೂವರೆಗೆ ಇಡೀ ಮಷೀನನ್ನೇ ರೀಸ್ಟಾರ್ಟ್ ಮಾಡಿ. ಕ್ಯಾಶ್ ಖಾಲಿಯಾಗಿ ಒಂಬತ್ತಕ್ಕೆ ಎಲ್ಲವೂ ತೆವಳುತ್ತದೆ. ಆ ಹೊತ್ತಿನ ಗ್ರಾಫ್ ಇಟ್ಟುಕೊಳ್ಳಿ. ಹತ್ತೂವರೆಗೆ ಕ್ಯಾಶ್ ತುಂಬಿ ವೇಗ ಬರುತ್ತದೆ. ಆ ಗ್ರಾಫನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಅಂಟಿಸಿ, ಅಪ್ರೈಸಲ್ ಫಾರ್ಮಿಗೆ ಲಗತ್ತಿಸಿ.