ಶಭಾಷ್, ಇನ್ನೊಂದು ಕಾಗದ!

(ಭಾನುವಾರ. ಬೀರು ಬಾಯ್ತೆರೆದಿದೆ. ಸೀರೆ ಡಬ್ಬದಲ್ಲಿ ಸೀರೆಯೊಂದು ಬಿಟ್ಟು ಉಳಿದೆಲ್ಲ ಇದೆ. ಹಳೇ ಕಾಗದ ವಿಂಗಡಿಸುವಾಗ ಗಂಡ ಹೆಂಡತಿ ಇವತ್ತು ಬೈದಾಡಬಾರದು, ಒಬ್ಬರನ್ನೊಬ್ಬರು ಹುರಿದುಂಬಿಸಬೇಕು ಎಂದು ಕಾಫಿ ಹೊತ್ತಿಗೇ ಕರಾರಾಗಿದೆ.)

"ರೀ, ಈ ಕರೆಂಟ್ ಬಿಲ್ ಹರೀಲಾ?"

"ಭೇಷ್ ಕಣೇ, ಏನು ಧೈರ್ಯ! ತಾಳು, ಯಾವುದದು?"

"ಕೆಇಬಿದು."

"ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೆಸ್ಕಾಂ ಬಂತು."

"ಹಾಗಾದ್ರೆ ಹರೀತೀನಿ."

"ಅಯ್ಯೋ! ಹಿಂದುಗಡೆ ಅಪ್ಪನ ಕೈಬರಹ ಇದೆ."

"'ತೊಗರಿಬೇಳೆ ಎರಡು ಕೇಜಿ, ಹುಣಸೆಹಣ್ಣು' ಅಂತಿದೆ."

"ಆಸ್ತಿ ವಿಚಾರ ಅಂದ್ಕೊಂಡೆ. ಆದ್ರೂ ಇರ್ಲಿ."

"ಎಷ್ಟು ಬೇಗ ತೀರ್ಮಾನ ಮಾಡಿದ್ರಿ, ಮೆಚ್ಚಿದೆ! ಇದು ಮಿಕ್ಸಿ ವಾರಂಟಿ ಕಾರ್ಡ್."

"ಮಿಕ್ಸಿ?"

"ಗುಜರಿಗೆ ಹಾಕಿದ್ವಲ್ಲ. ಕಾರ್ಡಿಗೆ ಮಾತ್ರ ಅಂಗಡಿ ಸೀಲೂ ಬಿದ್ದಿಲ್ಲ, ಹೊಚ್ಚ ಹೊಸದು."

"ಏನು ಜೋಪಾನ ನಿಂದು! ಮುಖ್ಯವಾದದ್ದೆಲ್ಲ ಡಿಜಿಲಾಕರಲ್ಲಿ ಇದ್ದಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ."

"ಅದರ ಪಿನ್ನು?"

"ಒಂದು ಚೀಟಿಲಿ ಬರೆದಿಟ್ಟಿದ್ದೆ."

(ಇಬ್ಬರೂ ಕಾಗದದ ಗುಡ್ಡೆಯತ್ತ ನೋಡುತ್ತಾರೆ. ಹೊರಗೆ "ಹಳೇ ಪೇಪರ್" ಕೂಗು.)

"ರೀ, ಏನು ಕೊಡ್ಲಿ?"

"ಇವತ್ತಿನ ಪೇಪರ್ ಕೊಟ್ಬಿಡು. ನಾನಿನ್ನೂ ಓದಿಲ್ಲ, ಪರವಾಗಿಲ್ಲ."

"ಇದಪ್ಪಾ ತ್ಯಾಗ!"