ಕೂಗದ ಕುಕ್ಕರೂ ಕರಗದ ರಾಯರೂ

ಬೆಂಗಳೂರಿನ ಗಾಂಧಿ ಬಜಾರಿನ ಪಾತ್ರೆ ಅಂಗಡಿಯೊಂದರಲ್ಲಿ, ಬೇಳೆ ಬೇಯುವ ಮುನ್ನವೇ ನೀರು ಬತ್ತಿಸುವ 5 ಲೀಟರಿನ ಕುಕ್ಕರನ್ನು ಗಲ್ಲಾದ ಮುಂದಿಟ್ಟು, ನಿವೃತ್ತ ರಾಯರೂ ಅವರ ಪತ್ನಿಯೂ ಅಂಗಡಿಯ ಶೆಟ್ಟರೊಡನೆ ನಡೆಸಿದ ಚರ್ಚೆಯು ಮಿತವ್ಯಯಶಾಸ್ತ್ರದ ಅಧ್ಯಯನಕ್ಕೆ ಅರ್ಹವಾದುದು.

ಪತ್ನಿ: ಇದು ಕೂಗುವುದನ್ನೇ ನಿಲ್ಲಿಸಿದೆ, ಶೆಟ್ಟರೇ, ಹಬೆಯೆಲ್ಲ ಮುಚ್ಚಳದ ಸುತ್ತ ಸೋರುವುದರಿಂದ ಇವರು ಅಂಚಿಗೆ ಚಪಾತಿ ಹಿಟ್ಟು ಮೆತ್ತಿದ್ದಾರೆ.

ರಾಯರು: ಹಿಟ್ಟೇನೂ ವ್ಯರ್ಥವಾಗಲಿಲ್ಲ, ಬೇಳೆಗಿಂತ ಮೊದಲು ಅದೇ ಬೆಂದಿತು.

ಶೆಟ್ಟರು: ಗ್ಯಾಸ್ಕೆಟ್, ಅಂದರೆ ಮುಚ್ಚಳದ ಅಂಚಿನಲ್ಲಿ ಕುಳಿತು ಹಬೆಯನ್ನು ಒಳಗೇ ತಡೆದಿಡುವ ರಬ್ಬರ್ ಬಳೆ, ಬಿಸಿಗೂ ಎಣ್ಣೆಗೂ ಸಡಿಲಗೊಂಡಿದೆ, ಒಳಗಿನ ಒತ್ತಡ ಏರಿದರೆ ಮಾತ್ರ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಬೇಳೆ ಬೇಗ ಬೇಯುವುದರಿಂದ, ಹೊಸ ಗ್ಯಾಸ್ಕೆಟ್ಟಿನ ಬೆಲೆ ಉಳಿಯುವ ಗ್ಯಾಸಿನಲ್ಲೇ ಹುಟ್ಟುತ್ತದೆ.

ರಾಯರು: ಹಾಗಾದರೆ ಅದೊಂದೇ ಸಾಕು. ವಿಷಲ್ಲು ಪಕ್ಕದ ಮನೆಯವರ ಹಳೆಯ ಕುಕ್ಕರಿನಿಂದ ಪುಕ್ಕಟೆ ದೊರೆತಿದೆ. ಕಂಪನಿ ಮಾತ್ರ ಬೇರೆ.

ಶೆಟ್ಟರು: ವಿಷಲ್ ಎಂಬುದು ಹಬೆಯ ನಳಿಗೆಯ ಮೇಲೆ ಕೂರುವ ತೂಕ, ಎಷ್ಟು ಒತ್ತಡಕ್ಕೆ ಅದು ಏಳಬೇಕೆಂಬುದನ್ನು ಅದರ ಭಾರವೂ ನಳಿಗೆಯ ರಂಧ್ರದ ಅಳತೆಯೂ ಕೂಡಿ ತೀರ್ಮಾನಿಸುವುದರಿಂದ, ಬೇರೆ ಕಂಪನಿಯದು ಕುಳಿತರೂ ಹೊಂದುವುದಿಲ್ಲ.

ಪತ್ನಿ: ಸೇಫ್ಟಿ ವಾಲ್ವನ್ನೂ ಕೊಡಿ.

ರಾಯರು: ಹದಿನೈದು ವರ್ಷಗಳಲ್ಲಿ ಒಂದು ದಿನವೂ ಕೆಲಸ ಮಾಡದ ಆ ವಾಲ್ವಿಗೆ ದುಡ್ಡೇಕೆ?

ಪತ್ನಿ: ಕೆಲಸ ಮಾಡದವರಿಗೂ ಈ ಮನೆಯಲ್ಲಿ ಎರಡು ಹೊತ್ತು ಕಾಫಿ ಸಲ್ಲುತ್ತಿಲ್ಲವೇ?

ಈ ಪ್ರಶ್ನೆಗೆ ರಾಯರಿಂದ ಉತ್ತರ ಬಾರದ್ದನ್ನು ಕಂಡ ಶೆಟ್ಟರು ವಿಷಯವನ್ನು ಲೋಹಶಾಸ್ತ್ರದ ಕಡೆಗೆ ತಿರುಗಿಸಿದರು.

ಶೆಟ್ಟರು: ನಳಿಗೆಯಲ್ಲಿ ಬೇಳೆ ಸಿಕ್ಕಿಕೊಂಡು ಹಬೆಯ ದಾರಿ ಕಟ್ಟಿದಾಗ, ವಾಲ್ವಿನೊಳಗಿನ ಮಿಶ್ರಲೋಹ ಮಿತಿಮೀರಿದ ಶಾಖಕ್ಕೆ ಕರಗಿ, ಕುಕ್ಕರ್ ಸಿಡಿಯುವ ಮೊದಲೇ ಹಬೆಯನ್ನು ಹೊರಬಿಡುತ್ತದೆ, 1679ರಲ್ಲಿ ಮೂಳೆಗಳನ್ನು ಮೆತ್ತಗಾಗಿಸುವ ಹಬೆಪಾತ್ರೆಯನ್ನು ತೋರಿಸಿದ ಫ್ರಾನ್ಸಿನ ಡೆನಿ ಪಾಪಿನ್ ಕೂಡ ಮುಂದೆ ಅದಕ್ಕೊಂದು ಸುರಕ್ಷತಾ ಕವಾಟವನ್ನು ಅಳವಡಿಸಿದ.

ರಾಯರು: ಅವನು ಬೇಯಿಸಿದ್ದು ಮೂಳೆ. ತೊಗರಿಬೇಳೆಯ ಕುಕ್ಕರಿಗೆ ಅಷ್ಟೊಂದು ಕೋಪ ಬಾರದು.

ಶೆಟ್ಟರು: ಉಳಿತಾಯ ಬೇಕಿದ್ದರೆ ಹೊಸ ಹಿಡಿ ಕೊಳ್ಳದೆ ಹಳೆಯದರ ತಿರುಪನ್ನೇ ಬಿಗಿಸಿಕೊಳ್ಳಿ, ವಾಲ್ವ್ ಮಾತ್ರ ಕುಕ್ಕರಿನ ಕಂಪನಿಯದೇ ಆಗಿರಲಿ.

ರಾಯರು: ಹತ್ತು ವರ್ಷ ಕರಗದಿದ್ದರೆ ವಾಪಸು ಪಡೆಯುತ್ತೀರಾ?

ಶೆಟ್ಟರು: ಇಲ್ಲ, ಕರಗಿದರೆ ಬನ್ನಿ, ಆಗಲೂ ಚೌಕಾಸಿ ಮಾಡಲು ರಾಯರು ಉಳಿದಿರುತ್ತಾರೆ ಎಂಬುದೇ ಅದರ ಗ್ಯಾರಂಟಿ.