ನಾಲ್ಕನೇ ಸೀಟಿನ ಪರದೆ

ಮುಂಬಯಿಯಲ್ಲಿ ಜಾಗ ಕೇಳುವುದಕ್ಕೊಂದು ಕ್ರಮವಿದೆ. ಲೋಕಲ್ ಟ್ರೇನಿನಲ್ಲಿ ಮೂವರು ಕೂತ ಬೆಂಚಿನ ಮುಂದೆ ನಿಂತು, ಅಂಚಿನವನ ಭುಜ ಮುಟ್ಟಿ, ‘ಥೋಡಾ ಸರ್ಕೋ’ ಅನ್ನಬೇಕು. ಮೂವರೂ ಉಸಿರು ಬಿಗಿಹಿಡಿದು ನಾಲ್ಕು ಬೆರಳಷ್ಟು ಸರಿಯುತ್ತಾರೆ. ಆ ನಾಲ್ಕು ಬೆರಳಿನ ಮೇಲೆ ಒಂದು ಕುಂಡಿ ಊರಿದರೆ ಅದೇ ನಾಲ್ಕನೇ ಸೀಟು. ಮುಲುಂಡಿನಿಂದ ಫೋರ್ಟಿಗೆ ಮೂವತ್ತೆಂಟು ವರ್ಷ ನಾನು ಹೋಗಿಬಂದದ್ದು ಹೆಚ್ಚಾಗಿ ಆ ಸೀಟಿನಲ್ಲೇ. ಉಳಿದರ್ಧ ದೇಹ ಎಲ್ಲಿತ್ತು ಎಂದು ಕೇಳಬೇಡಿ. ಅದು ಪ್ಯಾಸೇಜಿನಲ್ಲಿ, ದೇವರ ಭರವಸೆಯ ಮೇಲೆ ಇತ್ತು.

ನಿವೃತ್ತಿಯಾದ ಮೇಲೆ ಸರಿಯುವ, ಸರಿಸುವ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮನೆಯಲ್ಲಿ ಕೂತು ಬ್ಯಾಂಕಿನ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುವ ಕೆಲಸ ಹಿಡಿದೆ. ಒಂದು ಬೆಡ್‌ರೂಮಿನ ಮನೆ, ಒಂದು ಊಟದ ಮೇಜು, ಅದರ ಮೇಲೆ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪು. ಪರದೆಯ ಎಡ ಅರ್ಧದಲ್ಲಿ ಇಂಗ್ಲಿಷು, ಬಲ ಅರ್ಧದಲ್ಲಿ ಕನ್ನಡ. ಇಂಗ್ಲಿಷಿಗೆ ತೊಂದರೆಯಿಲ್ಲ, ಅದು ಕೈಕಾಲು ಮಡಚಿ ಕೂರುವ ಭಾಷೆ. ನಮ್ಮದಕ್ಕೆ ಕೆಳಗೆ ಒತ್ತು ಇಳಿಬಿಡಬೇಕು, ಮೇಲೆ ಗುಡಿಸು ಕಟ್ಟಬೇಕು, ಪಕ್ಕದಲ್ಲಿ ಸೊನ್ನೆಗೆ ಜಾಗ ಬೇಕು. ಅಕ್ಷರ ಸಣ್ಣದು ಮಾಡಿದರೆ ಒತ್ತುಗಳು ಇರುವೆಯ ಕಾಲಿನಂತಾಗುತ್ತವೆ. ಹೀಗೇ ಒಮ್ಮೆ ‘ನಿಶ್ಚಿತ ಠೇವಣಿ’ಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದು ‘ನಿಶ್ಚಿಂತ ಠೇವಣಿ’ ಆಯಿತು. ಅಂಥ ಯೋಜನೆ ತಮ್ಮಲ್ಲಿ ಇಲ್ಲವೆಂದು ಬ್ಯಾಂಕಿನವರು ಸೌಜನ್ಯದಿಂದಲೇ ತಿಳಿಸಿದರು.

ದೊಡ್ಡ ಮಾನಿಟರ್ ತರೋಣ ಎಂದೆ. ಹೆಂಡತಿ ಮನೆಯನ್ನೊಮ್ಮೆ ಸುತ್ತ ನೋಡಿದಳು. ಸುತ್ತ ನೋಡುವುದಕ್ಕೆ ನಮ್ಮ ಮನೆಯಲ್ಲಿ ಮೂರು ಸೆಕೆಂಡು ಸಾಕು.

“ತನ್ನಿ ಮಾರಾಯ್ರೆ. ನಿಮ್ಮನ್ನ ಎಲ್ಲಿಡುದು ಅಂತ ಮಾತ್ರ ಮೊದಲು ಹೇಳಿ.”

ಆಗ ಐರೋಲಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೋದರಳಿಯನಿಗೆ ಫೋನ್ ಮಾಡಿದೆ. “ಮಾವ, ಮನೆಯಲ್ಲಿ ಟ್ಯಾಬ್ ಇದೆಯಲ್ಲ, ಅದನ್ನೇ ಎರಡನೇ ಪರದೆ ಮಾಡಿಕೊಳ್ಳಿ. ವೈರ್ ಹಾಕಿದರೆ ಹತ್ತು ನಿಮಿಷದ ಕೆಲಸ,” ಎಂದ. ವೈರ್ ಇಲ್ಲದೆ ಆಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದೆ ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅರುವತ್ತು ದಾಟಿದ ಗಂಡಸಿಗೆ ತಾನು ಹಿಂದೆ ಬಿದ್ದಿಲ್ಲ ಎಂದು ತೋರಿಸುವ ಚಪಲ ಒಂದಿರುತ್ತದಲ್ಲ, ಅದು ಎದ್ದು ಕೂತಿತು. ವೈರ್ ಯಾಕೆ, ನಾವೇನು ಹಳೆಯ ಕಾಲದವರಾ ಎಂದುಬಿಟ್ಟೆ.

ಟ್ಯಾಬು ಮಗನ ಲಾಕ್‌ಡೌನ್ ಕಾಲದ ಆನ್‌ಲೈನ್ ಪಾಠಕ್ಕೆ ತಂದದ್ದು. ಮಗ ಪುಣೆಗೆ ಹೋದ ಮೇಲೆ ಅದು ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಡಬ್ಬಕ್ಕೆ ಒರಗಿ ನಿಂತು, ದಿನಾ ಸಂಜೆ ಹೆಂಡತಿಗೆ ಬಡಗುತಿಟ್ಟಿನ ಯಕ್ಷಗಾನ ತೋರಿಸಿಕೊಂಡು ಹಾಯಾಗಿತ್ತು. ಅದನ್ನು ನಾನು ಎತ್ತಿಕೊಂಡು ಬಂದಾಗ ಒಳಗೆ ಭಾಗವತರು ಅರ್ಧ ಪದ್ಯದಲ್ಲಿದ್ದರು.

ಅಳಿಯ ಹೇಳಿದ ತಂತ್ರಾಂಶದ ಹೆಸರು ಸ್ಪೇಸ್‌ಡೆಸ್ಕ್. ಸ್ಪೇಸೂ ಇಲ್ಲದ ಡೆಸ್ಕೂ ಇಲ್ಲದ ಮನೆಗೆ ಎಂಥ ಹೆಸರು ನೋಡಿ! ಜರ್ಮನಿಯವರು ಮಾಡಿದ್ದಂತೆ. ಲ್ಯಾಪ್‌ಟಾಪಿನೊಳಗೆ ಅದು ಕೂತು, ಇಲ್ಲದ ಮಾನಿಟರ್ ಒಂದು ಇದೆ ಎಂದು ವಿಂಡೋಸ್‌ಗೆ ನಂಬಿಸುತ್ತದೆ. ಆ ಸುಳ್ಳು ಮಾನಿಟರಿನ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ವೈಫೈ ಮೂಲಕ ಟ್ಯಾಬಿಗೆ ಕಳಿಸುತ್ತದೆ. ಎರಡೂ ಯಂತ್ರ ಒಂದೇ ವೈಫೈಯಲ್ಲಿರಬೇಕು ಎಂಬುದೊಂದೇ ಷರತ್ತು. ಎರಡೂ ಕಡೆ ಹಾಕಿದೆ. ಟ್ಯಾಬು ಹುಡುಕಿತು, ಹುಡುಕಿತು, ಯಾರೂ ಸಿಗಲಿಲ್ಲ ಎಂದಿತು. ಫೈರ್‌ವಾಲ್ ಇಳಿಸಿದೆ. ರೂಟರ್ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪನ್ನೂ ಟ್ಯಾಬನ್ನೂ ಹೊಸ ಮದುಮಕ್ಕಳಂತೆ ಪಕ್ಕಪಕ್ಕ ಕೂರಿಸಿದೆ. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ಅಳಿಯ ಫೋನಿನಲ್ಲಿ, “ಮಾವ, ಟ್ಯಾಬಿನ ವೈಫೈ ಹೆಸರು ಓದಿ ಹೇಳಿ,” ಎಂದ. ಓದಿದೆ. ಅದು ಎದುರು ಮನೆಯವರ ವೈಫೈ! ಲಾಕ್‌ಡೌನಿನಲ್ಲಿ ನಮ್ಮ ಇಂಟರ್‌ನೆಟ್ ಕೈಕೊಟ್ಟಾಗ ಮಗ ಅವರ ಪಾಸ್‌ವರ್ಡ್ ಕೇಳಿ ಹಾಕಿಕೊಂಡಿದ್ದ. ಅಂದಿನಿಂದ ನಮ್ಮ ಮನೆಯ ಯಕ್ಷಗಾನವೆಲ್ಲ ಎದುರು ಮನೆಯವರ ಖರ್ಚಿನಲ್ಲಿ ನಡೆಯುತ್ತಿತ್ತು. ಹೆಂಡತಿಗೆ ಇದು ಗೊತ್ತಿತ್ತು. “ಅವರದ್ದು ಫಾಸ್ಟ್ ಉಂಟಲ್ಲ,” ಎಂದಳು, ಶ್ರುತಿ ಚೂರೂ ತಪ್ಪದೆ.

ಟ್ಯಾಬನ್ನು ನಮ್ಮ ವೈಫೈಗೆ ಸೇರಿಸಿದ ಕೂಡಲೇ ಅದರ ಮೇಲೆ ನನ್ನ ಲ್ಯಾಪ್‌ಟಾಪಿನ ವಾಲ್‌ಪೇಪರು ಮೂಡಿತು. ಆ ಸಂತೋಷ ಮೌಸ್ ಅಲ್ಲಾಡಿಸುವ ತನಕ ಇತ್ತು. ಟ್ಯಾಬನ್ನು ನಾನು ಇಟ್ಟಿದ್ದು ಎಡಕ್ಕೆ. ವಿಂಡೋಸ್ ಅದು ಬಲಕ್ಕಿದೆ ಎಂದು ನಂಬಿತ್ತು. ಬಾಣದ ಗುರುತನ್ನು ಎಡಕ್ಕೆ ತಳ್ಳಿದರೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಬಲಕ್ಕೆ ತಳ್ಳಿದರೆ ಅಂಚು ದಾಟಿ ಮಾಯವಾಗಿ ನನ್ನ ಎಡಗಡೆ ಏಳುತ್ತದೆ. ಮುಂಬಯಿಯಲ್ಲಿ ಯಾವ ಸ್ಟೇಷನ್ನಿಗೆ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂದು ತಿಳಿಯದವನು ಇಳಿಯುವ ಹಾಗಿಲ್ಲ. ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅಂಥವನು ನನ್ನದೇ ಊಟದ ಮೇಜಿನ ಮೇಲೆ ತಪ್ಪು ಬಾಗಿಲಲ್ಲಿ ನಿಂತೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಒಂದು, ಎರಡು ಎಂದು ಬರೆದ ಎರಡು ಚೌಕಗಳಿರುತ್ತವೆ, ಎರಡನೆಯದನ್ನು ಹಿಡಿದೆಳೆದು ಎಡಕ್ಕೆ ತಂದರಾಯಿತು ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತು ನಾನು ಮೇಜಿನ ಸುತ್ತ ಕುರ್ಚಿ ತಿರುಗಿಸಿಕೊಂಡು ಕೂತಿದ್ದೆ.

ಮುಂದಿನ ತಾಪತ್ರಯ ಗಾಳಿಯದ್ದು. ಇಂಗ್ಲಿಷಿನ ಪುಟವನ್ನು ಟ್ಯಾಬಿನಲ್ಲಿ ಮೇಲೆ ಸರಿಸಿದರೆ, ಅದು ಮಳೆಗಾಲದ ಸೆಂಟ್ರಲ್ ಲೈನಿನಂತೆ ನಿಂತು, ಯೋಚಿಸಿ, ಆಮೇಲೆ ಒಮ್ಮೆಲೇ ಮೂರು ಪುಟ ಹಾರುತ್ತಿತ್ತು. ತಪ್ಪು ತಂತ್ರಾಂಶದ್ದಲ್ಲ ಎಂದು ಅಳಿಯ ತಿಳಿಸಿ ಹೇಳಿದ. ನನ್ನ ರೂಟರ್ ಹಳೆಯದು, 2.4 ಗಿಗಾಹರ್ಟ್ಸ್ ಒಂದೇ ಗೊತ್ತು. ಆ ತರಂಗಪಟ್ಟಿಯಲ್ಲಿ ಹದಿಮೂರು ಚಾನೆಲ್ ಎಂದು ಹೆಸರಿಗೆ ಇದ್ದರೂ, ಒಂದರ ಮೈಗೆ ಇನ್ನೊಂದು ತಾಗದ ಹಾಗೆ ಕೂರುವವು ಮೂರೇ: 1, 6 ಮತ್ತು 11. ನಮ್ಮ ಮನೆಯೊಳಗೆ ನಿಂತು ನೋಡಿದರೆ ಫೋನಿಗೆ ಇಪ್ಪತ್ತಮೂರು ವೈಫೈ ಕಾಣುತ್ತವೆ. ಪಕ್ಕದ ಮನೆಯ ಮೈಕ್ರೋವೇವ್ ಬೇರೆ ಅದೇ ಪಟ್ಟಿಯ ಆಸುಪಾಸಿನಲ್ಲೇ ಬೇಯಿಸುತ್ತದೆ.

ನನಗೆ ಬೇರೇನೂ ಅರ್ಥವಾಗಲಿಲ್ಲ, ಇಷ್ಟು ಅರ್ಥವಾಯಿತು. ಮೂವರ ಬೆಂಚು. ಇಪ್ಪತ್ತಮೂರು ಜನ. ನನ್ನ ಪರದೆಗೆ ಸಿಕ್ಕಿದ್ದು ಮತ್ತೆ ನಾಲ್ಕನೇ ಸೀಟು.

“5 ಗಿಗಾಹರ್ಟ್ಸಿನ ರೂಟರ್ ತನ್ನಿ, ಅದರಲ್ಲಿ ಚಾನೆಲ್ ಜಾಸ್ತಿ. ಗೋಡೆ ದಾಟಲಿಕ್ಕೆ ಸ್ವಲ್ಪ ಕಷ್ಟ, ಆದರೆ ನಿಮ್ಮಲ್ಲಿ ಗೋಡೆಯೇ ಇಲ್ಲವಲ್ಲ,” ಎಂದ ಅಳಿಯ. ಅಥವಾ ವೈರ್ ಹಾಕಿ ಎಂದ. ಆ್ಯಪಲ್ ಇದ್ದಿದ್ದರೆ ಈ ರಗಳೆಯೇ ಇರಲಿಲ್ಲ, 2019ರಿಂದ ಅದರಲ್ಲಿ ಸೈಡ್‌ಕಾರ್ ಎಂಬ ಸೌಲಭ್ಯವೇ ಇದೆ ಎಂದೂ ಸೇರಿಸಿದ. ನನಗೆ ಗೊತ್ತಿರುವ ಸೈಡ್‌ಕಾರು ‘ಶೋಲೆ’ಯದ್ದೊಂದೇ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಸಿನಿಮಾ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಅದರಲ್ಲಿ ಜೈ–ವೀರು ಹಾಡುತ್ತಾ ಹೋಗುವಾಗ ಸೈಡ್‌ಕಾರು ಬೈಕಿನಿಂದ ಕಳಚಿಕೊಂಡು ತನ್ನಷ್ಟಕ್ಕೆ ಓಡಿ, ಮತ್ತೆ ಬಂದು ಕೂಡಿಕೊಳ್ಳುತ್ತದೆ. ನನ್ನ ಟ್ಯಾಬಿಗೆ ಅದರಲ್ಲಿ ಅರ್ಧ ವಿದ್ಯೆ ಮಾತ್ರ ಬರುತ್ತಿತ್ತು.

ಹಾಗಾದರೆ ರೂಟರಿನ ಹಂಗೇ ಇಲ್ಲದ ದಾರಿ ಯಾವುದಾದರೂ ಇದೆಯೇ ಎಂದು ಕೇಳಿದೆ. ಮಿರಾಕಾಸ್ಟ್ ಎಂಬುದು 2012ರಿಂದ ಇದೆ, ಎರಡು ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ, ವಿಂಡೋಸ್ ಗುಂಡಿ ಒತ್ತಿ ಹಿಡಿದು ಕೆ ಒತ್ತಿದರೆ ಸುತ್ತಮುತ್ತ ಇರುವ ಪರದೆಗಳ ಪಟ್ಟಿ ಬರುತ್ತದೆ ಎಂದ. “ಆದರೆ ಮಾವ, ನಿಮ್ಮ ಟ್ಯಾಬಿಗೆ...” ಎಂದು ಅವನು ಶುರು ಮಾಡುವಷ್ಟರಲ್ಲಿ ನಾನು ಫೋನ್ ಇಟ್ಟಾಗಿತ್ತು.

ರಾತ್ರಿ ಎಂಟೂವರೆ. ಮರುದಿನ ಬೆಳಿಗ್ಗೆ ಕೊಡಬೇಕಾದ ಕೆಲಸ ಮುಂದಿತ್ತು. ಸಾಲದ ಕಂತು ಕಟ್ಟದವರಿಗೆ ಕಳಿಸುವ ಕೊನೆಯ ನೋಟೀಸು. ವಿಂಡೋಸ್, ಕೆ. ಪಟ್ಟಿ ಬಂತು. ಅದರಲ್ಲಿ ಒಂದೇ ಹೆಸರು: ‘ಲಿವಿಂಗ್ ರೂಮ್’. ಟ್ಯಾಬು ಲಿವಿಂಗ್ ರೂಮಿನಲ್ಲೇ ಇತ್ತು. ಒಪ್ಪಿಕೊಳ್ಳಬೇಕು, ನಮ್ಮ ಮನೆಯಲ್ಲಿ ಬಹುತೇಕ ಎಲ್ಲವೂ ಲಿವಿಂಗ್ ರೂಮಿನಲ್ಲೇ ಇರುವುದು. ಒತ್ತಿದೆ. ತುಸು ಹೊತ್ತಿಗೆ ‘ಸಂಪರ್ಕವಾಗಿದೆ’ ಎಂಬರ್ಥದ ಮಾತು ಬಂತು. ಇಂಗ್ಲಿಷ್ ಪುಟವನ್ನು ಎಳೆದು ಎರಡನೇ ಪರದೆಗೆ ದಾಟಿಸಿದೆ. ಲ್ಯಾಪ್‌ಟಾಪಿನಿಂದ ಪುಟ ಹೋಯಿತು. ಟ್ಯಾಬಿಗೆ ಬರಲಿಲ್ಲ.

ಅಕ್ಷರ ಸಣ್ಣದಿರಬೇಕು, ಎಲ್ಲೋ ಮೂಲೆಯಲ್ಲಿರಬೇಕು ಎಂದು ಕಂಟ್ರೋಲ್ ಹಿಡಿದು ದೊಡ್ಡದು ಮಾಡಿದೆ. ಕಾಣಲಿಲ್ಲ. ಇನ್ನಷ್ಟು ದೊಡ್ಡದು ಮಾಡಿದೆ. ನಾನೂರು ಪ್ರತಿಶತಕ್ಕೆ ಹೋದರೂ ಟ್ಯಾಬು ಕಪ್ಪಗೆ ಕೂತಿತ್ತು. ನನ್ನ ಕನ್ನಡದ ಕರಡನ್ನೂ ದಾಟಿಸಿ ನೋಡೋಣ ಎಂದು ಅದನ್ನೂ ಅತ್ತ ತಳ್ಳಿದೆ. ಅದೂ ಹೋಯಿತು.

ಬಾಗಿಲ ಬೆಲ್ ಬಾರಿಸಿತು.

ಎದುರು ಮನೆಯ ಯಜಮಾನರು. ಎಡಗೈಯಲ್ಲಿ ಟೀವಿ ರಿಮೋಟು, ಬಲಗೈಯಲ್ಲಿ ಇನ್ನೂ ಅನ್ನ. ಅವರ ಹಿಂದೆ ಹೆಂಡತಿ, ಮುದಿ ತಾಯಿ, ಏಳು ವರ್ಷದ ಮೊಮ್ಮಗ. ಅವರ ಮನೆಯ ತೆರೆದ ಬಾಗಿಲಲ್ಲಿ ನನಗೆ ನಲವತ್ತಮೂರು ಇಂಚಿನ ಟೀವಿ ಕಂಡಿತು. ಅದರ ಮೇಲೆ, ಊಟದ ಹೊತ್ತಿನ ಮರಾಠಿ ಸೀರಿಯಲ್ಲಿನ ಜಾಗದಲ್ಲಿ, ಎರಡೆರಡು ಗೇಣಿನ ಅಕ್ಷರದಲ್ಲಿ ‘ಫೈನಲ್ ನೋಟೀಸ್’. ಪಕ್ಕದಲ್ಲಿ ನನ್ನ ಸ್ವಂತ ಕನ್ನಡ: ‘ಏಳು ದಿನಗಳೊಳಗಾಗಿ ಬಾಕಿ ಸಲ್ಲಿಸತಕ್ಕದ್ದು’. ಸಾಲುಗಳ ನಡುವೆ ಅಂತರ ಚೆನ್ನಾಗಿತ್ತು. ಒತ್ತುಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ನಡೆದದ್ದೇನೆಂದರೆ, ಸಂಪರ್ಕ ಕೊಡಬಹುದೇ ಎಂದು ಟೀವಿ ಪರದೆಯ ಮೇಲೆ ಕೇಳಿತ್ತು. ನನ್ನ ಲ್ಯಾಪ್‌ಟಾಪಿಗೆ ಅಳಿಯ ಇಟ್ಟ ಹೆಸರು ‘ಮಾವ’. ಮರಾಠಿಯಲ್ಲಿ ಮಾವಾ ಎಂದರೆ ಖೋವಾ. ಮಾವಾ ಬರುತ್ತಿದೆ, ಬರಲೋ ಬೇಡವೋ ಎಂದರೆ ಏಳು ವರ್ಷದ ಹುಡುಗ ಬೇಡ ಅನ್ನುತ್ತಾನೆಯೇ? ಓಕೆ ಒತ್ತಿದ.

ಆದರೆ ಯಜಮಾನರ ಸಿಟ್ಟಿಗೆ ಕಾರಣ ಬೇರೆ. ಅವರದ್ದು ಐದು ತಿಂಗಳ ಸೊಸೈಟಿ ಮೆಂಟೆನೆನ್ಸ್ ಬಾಕಿಯಿತ್ತು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಹೆಸರೂ ಬಿದ್ದಿತ್ತು. ನಾನು ಹೆಸರಿಗೆ ಮಾತ್ರ ಕಮಿಟಿಯಲ್ಲಿದ್ದೇನೆ. ಪರದೆಯಲ್ಲಿ ಅಕ್ಷರ ಹಂತಹಂತವಾಗಿ ದೊಡ್ಡದಾಗುತ್ತಾ ಬಂದದ್ದನ್ನು ಅವರು ನನ್ನ ಗದರಿಕೆ ಎಂದೇ ತಿಳಿದಿದ್ದರು. ಆಮೇಲೆ ಕನ್ನಡ ಅಕ್ಷರ ಕಂಡಾಗ ಅನುಮಾನವೇ ಉಳಿಯಲಿಲ್ಲ, ನಮ್ಮ ಮಾಳಿಗೆಯಲ್ಲಿ ಕನ್ನಡದವರು ನಾವೊಬ್ಬರೇ.

“ಕಾಕಾ, ಬೋರ್ಡಾವರ್ ಲಾವ್ಲಂ, ತೇ ಪುರೇಸಂ ನಾಹೀ ಕಾ? ಆತಾ ಟೀವೀವರ್?” ಎಂದರು. ಬೋರ್ಡಿಗೆ ಹಾಕಿದ್ದು ಸಾಲದೇ, ಈಗ ಟೀವಿಗೂ ಹಾಕಬೇಕೇ ಎಂದು.

ಮಿರಾಕಾಸ್ಟ್, ಚಾನೆಲ್, ನಿಶ್ಚಿತ ಠೇವಣಿ ಎಲ್ಲವನ್ನೂ ನನ್ನ ಮರಾಠಿಯಲ್ಲಿ ವಿವರಿಸಿದೆ. ಫೋರ್ಟಿನ ರಾತ್ರಿಶಾಲೆಯಲ್ಲಿ ಕಲಿತ ಮರಾಠಿ ಅದು, ಅರ್ಜಿ ಬರೆಯಲು ಸಾಕು, ನಿರಪರಾಧಿ ಎಂದು ಸಾಧಿಸಲು ಸಾಲದು. ಅವರು ಒಂದು ಮಾತನ್ನೂ ನಂಬಲಿಲ್ಲ. ಇಷ್ಟು ವರ್ಷ ಅವರದೇ ವೈಫೈಯಲ್ಲಿ ಯಕ್ಷಗಾನ ನೋಡಿದ್ದೇವೆ ಎಂಬ ವಿಷಯವನ್ನು ಆ ಹೊತ್ತಿನಲ್ಲಿ ಎತ್ತುವುದು ಬೇಡ ಎಂದು ಹೆಂಡತಿ ಹಿಂದಿನಿಂದ ನನ್ನ ಬನಿಯನ್ ಜಗ್ಗಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸೊಸೈಟಿಯ ಸೆಕ್ರೆಟರಿ ಮನೆಗೆ ಬಂದರು. ಎದುರು ಮನೆಯವರು ಐದೂ ತಿಂಗಳ ಬಾಕಿಗೆ ಚೆಕ್ ಕೊಟ್ಟಿದ್ದರಂತೆ. ಸೆಕ್ರೆಟರಿ ಚಹಾ ಕುಡಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಕಾಕಾ, ಅಜೂನ್ ದೋಘೇ ಆಹೇತ್,” ಎಂದರು. ಇನ್ನೂ ಇಬ್ಬರಿದ್ದಾರಂತೆ. ಒಬ್ಬರು ನಾಲ್ಕನೇ ಮಾಳಿಗೆ. ಅಲ್ಲಿಗೆ ಮುಟ್ಟುತ್ತದೆಯೇ ಎಂದು ಕೇಳಿದರು.

ನಾನು ಕೆಲಸಕ್ಕೆ ಸೇರಿದಾಗ ಫೋರ್ಟಿನ ಆಫೀಸಿನಲ್ಲಿ ನನ್ನ ಮುಂದೆ ಇದ್ದದ್ದು ನಮ್ಮ ಲೈನಿನ ವಿಕ್ರೋಲಿಯಲ್ಲೇ ತಯಾರಾದ ಗೋದ್ರೆಜ್ ಟೈಪ್‌ರೈಟರು. ಅದರ ಎಡಕ್ಕೆ ಕಾಗದ ಸಿಕ್ಕಿಸಿ ನಿಲ್ಲಿಸುವ ಒಂದು ತಗಡಿನ ಸ್ಟ್ಯಾಂಡು, ಮೇಲೆ ಒಂದು ಕ್ಲಿಪ್ಪು. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ, ಎಡಕ್ಕಿಟ್ಟರೆ ಎಡಕ್ಕೇ ಇರುತ್ತಿತ್ತು. ಈಗ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಇಂಗ್ಲಿಷ್ ಪುಟಗಳನ್ನು ಪ್ರಿಂಟ್ ತೆಗೆಸಿ, ಬಟ್ಟೆಯ ಕ್ಲಿಪ್ಪು ಹಾಕಿ ಕಿಟಕಿಯ ಹಗ್ಗಕ್ಕೆ ನೇತುಹಾಕಿಕೊಂಡು ಕೆಲಸ ಮಾಡುತ್ತಿದ್ದೇನೆ. ಟ್ಯಾಬು ಕುಚ್ಚಲಕ್ಕಿ ಡಬ್ಬದ ಹತ್ತಿರ ಹೋಗಿದೆ, ನಿನ್ನೆ ಸಂಜೆ ಭಾಗವತರು ಆ ಪದ್ಯ ಪೂರ್ತಿ ಮಾಡಿದರು. ಯಾರ ವೈಫೈಯಲ್ಲಿ ಎಂದು ನಾನು ಕೇಳಿಲ್ಲ.